ಸಾವಿನ ಸುದ್ದಿಗೆ ಹೂಬಳ್ಳಿ

ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಸತ್ತವರೊಬ್ಬರಿಗೆ ಹೂಬಳ್ಳಿ ಸುತ್ತಿದೆ. ಬೇಕೆಂದು ಮಾಡಿದ್ದಲ್ಲ. ಪ್ರೆಸ್ಸಿನ ಧನಿಗಳು ಒಂದು ಚೀಟಿ ಕೊಟ್ಟು ಜೋಡಿಸಿ ಎಂದರು. ಅಕ್ಷರವೆಲ್ಲ ಕನ್ನಡ. ಓದಿದೆ, ಒಂದು ಪದವೂ ಅರ್ಥವಾಗಲಿಲ್ಲ. ಗದಗಿನಲ್ಲಿ ಹತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವನು ನಾನು. ಕನ್ನಡದ ಅಕ್ಷರ ನನಗೆ ಮುಖ ತಿರುಗಿಸಿದ್ದು ಅದೇ ಮೊದಲು. ಎರಡು ಹೆಸರು, ಒಂದು ತಾರೀಖು, ಒಂದು ಇಗರ್ಜಿ ಕಂಡವು. ಮದುವೆಯೇ ಇರಬೇಕೆಂದು ಸುತ್ತಲೂ ಹೂಬಳ್ಳಿಯ ಅಂಚು ಕಟ್ಟಿದೆ.

ಕರಡು ನೋಡಿ ಧನಿಗಳು ತಲೆಯ ಮೇಲೆ ಕೈಯಿಟ್ಟುಕೊಂಡರು. “ಎಂತ ಮಾರಾಯ್ರೆ ಇದು! ಸತ್ತವರಿಗೆ ಹೂಬಳ್ಳಿ ಎಂತಕ್ಕೆ? ಕಪ್ಪು ಪಟ್ಟಿ ಹಾಕಿ, ಕಪ್ಪು ಪಟ್ಟಿ!”

ಪ್ರೆಸ್ಸಿಗೆ ಪ್ರೆಸ್ಸೇ ನಕ್ಕಿತು. ಕೊಂಕಣಿಯನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚು ಹಾಕುತ್ತಾರೆಂದು ನನಗೆ ಯಾವ ಪುಣ್ಯಾತ್ಮನೂ ಹೇಳಿರಲಿಲ್ಲ.

ಏಕೀಕರಣವಾಗಿ ವರ್ಷವೆರಡು ಕಳೆದಿತ್ತು. ಕನ್ನಡಿಗರೆಲ್ಲ ಒಂದಾದೆವೆಂದು ನಮ್ಮ ಓಣಿಯಲ್ಲಿ ಪೇಢೆ ಹಂಚಿದ್ದರು. ನಾನೂ ಎರಡು ತಿಂದಿದ್ದೆ. ಗದಗಿನ ನಮ್ಮ ಪ್ರೆಸ್ಸು ಮುಚ್ಚಿದಾಗ, ಹೇಗೂ ಒಂದೇ ರಾಜ್ಯ ತಾನೇ ಎಂದು ಘಟ್ಟ ಇಳಿದೆ. ಇಲ್ಲಿ ಬಸ್ಸಿನಲ್ಲಿ ತುಳು, ಬಂದರಿನ ಗೋದಾಮುಗಳಲ್ಲಿ ಬ್ಯಾರಿ, ನಾನಿದ್ದ ಮನೆಯಲ್ಲಿ, ಪ್ರೆಸ್ಸಿನಲ್ಲಿ ಕೊಂಕಣಿ. ನನ್ನೊಡನೆ ಮಾತ್ರ ಪುಸ್ತಕದಂಥ ಕನ್ನಡ. ನಮ್ಮೂರಲ್ಲಿ ಗುರುತಿಲ್ಲದವನನ್ನೂ “ಎಲ್ಲಿಯವರ‍್ರೀ, ಉಂಡ್ರೇನ್ರೀ” ಎಂದು ಕೇಳುತ್ತಾರೆ. ಇಲ್ಲಿ ನಾನು ಒಳಬಂದರೆ ನಡೆಯುತ್ತಿದ್ದ ಹರಟೆ ನಿಲ್ಲುತ್ತಿತ್ತು, ಕನ್ನಡ ಶುರುವಾಗುತ್ತಿತ್ತು. ಅದನ್ನು ಮರ್ಯಾದೆ ಎಂದು ತಿಳಿಯಲು ನನಗೆ ಆಗಲಿಲ್ಲ. ಮೈ ಉರಿಯುತ್ತಿತ್ತು.

ಆದರೂ ಹಲ್ಲು ಕಚ್ಚಿ ಉಳಿದೆ, ಏಕೆಂದರೆ ಧನಿಗಳು ಒಂದು ಮಾತು ಕೊಟ್ಟಿದ್ದರು. “ಕೊಂಕಣಿ ಕಲೀರಿ. ವರ್ಷ ಆದ ಕೂಡ್ಲೆ ಕಾಯಂ ಮಾಡುವ.” ನನ್ನ ಹೆಂಡತಿ ಗಂಗವ್ವ ಗದಗಿನಲ್ಲಿ ತವರುಮನೆಯಲ್ಲಿದ್ದಳು. ಕೆಲಸ ಕಾಯಂ ಆಗುವವರೆಗೆ ಮಗಳನ್ನು ಕಳಿಸುವುದಿಲ್ಲವೆಂದು ಮಾವ ಹಟ ಹಿಡಿದಿದ್ದರು. ಮದುವೆಯಾಗಿ ಒಂದು ದೀಪಾವಳಿಯನ್ನೂ ನಾವು ಒಟ್ಟಿಗೆ ಕಂಡಿರಲಿಲ್ಲ. ಆ ಒಂದು ವರ್ಷ ನನಗೆ ಎಲ್ಲವೂ ಆಗಿತ್ತು.

ಕಲಿತೆ. ನನ್ನ ಬಾಡಿಗೆ ಕೋಣೆಯ ಯಜಮಾನಿ ಸೆವ್ರಿನ್ ಬಾಯಿ ಗುರುವಾದರು. ಅಡುಗೆಮನೆಯ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ, ಗಂಜಿಯ ಬಟ್ಟಲನ್ನು ಕೈಯಲ್ಲೇ ಹಿಡಿದು “ಜೆವಣ್ ಜಾಲೆಂಗೀ?” ಎನ್ನುತ್ತಿದ್ದರು. ಊಟ ಆಯಿತೇ ಎಂದು. ಕೊಂಕಣಿಯಲ್ಲಿ ಉತ್ತರ ಹೊರಡುವವರೆಗೆ ಬಟ್ಟಲು ಕೆಳಗಿಳಿಯುತ್ತಿರಲಿಲ್ಲ. ಬಟ್ಟಲಲ್ಲಿ ಕುಚ್ಚಲಕ್ಕಿಯ ದಪ್ಪ ಕೆಂಪು ಅಗುಳು. ಜೋಳದ ರೊಟ್ಟಿ ಮುರಿದುಂಡ ನನಗೆ ಅದನ್ನು ಅಗಿಯುವುದೇ ಇನ್ನೊಂದು ಕಲಿಕೆ. ಪ್ರೆಸ್ಸಿನಲ್ಲಿ ಬೇರೆ ತಾಪತ್ರಯ. ಕೊಂಕಣಿಗೆ ಅನುಸ್ವಾರದ ಸೊನ್ನೆ ಎಷ್ಟಿದ್ದರೂ ಸಾಲದು. ಪುಟ ಅರ್ಧವಾಗುವಷ್ಟರಲ್ಲಿ ಮೊಳೆಯ ಪೆಟ್ಟಿಗೆಯಲ್ಲಿ ಸೊನ್ನೆಯ ಮನೆ ಖಾಲಿ. ಹಳೆಯ ಪುಟ ಬಿಚ್ಚಿ ಸೊನ್ನೆ ಹೆಕ್ಕುತ್ತ, ಸತ್ತವರ ಸುದ್ದಿ, ಮದುವೆಯ ಕರೆಯೋಲೆ ಓದುತ್ತ ಭಾಷೆ ಒಳಗಿಳಿಯಿತು. ಧನಿಗಳಿಗೆ ಹೇಳಲಿಲ್ಲ. ಕಾಯಂ ಆಗುವ ದಿನ ಕೊಂಕಣಿಯಲ್ಲೇ ಮಾತಾಡಿ ಅವರನ್ನು ಬೆರಗುಗೊಳಿಸಬೇಕೆಂಬ ಆಸೆ. ಎಂಥ ಹುಚ್ಚ ನಾನು!

ಕೆಲಸಕ್ಕೆ ಸೇರಿದ ಹನ್ನೊಂದನೆಯ ತಿಂಗಳು ಧನಿಗಳು ಒಂದು ಚೀಟಿ ತಂದು ನನ್ನ ಕೈಗಿಟ್ಟರು. ನಾವೇ ಅಚ್ಚು ಹಾಕುವ ವಾರಪತ್ರಿಕೆಗೆ ಜಾಹೀರಾತು. ‘ಕಂಪೋಸಿಟರ್ ಜಾಯ್.’ ಮೊಳೆ ಜೋಡಿಸುವ ಕಂಪೋಸಿಟರ್ ಬೇಕಾಗಿದ್ದಾರೆ. ಮಾಂಯ್ ಭಾಸ್, ಎಂದರೆ ತಾಯ್ನುಡಿ, ಕೊಂಕಣಿಯೇ ಆಗಿರಬೇಕು. ಕೆಳಗೆ ನಮ್ಮ ಪ್ರೆಸ್ಸಿನದೇ ವಿಳಾಸ. ಅಲ್ಲಿದ್ದ ಕಂಪೋಸಿಟರ್ ನಾನೊಬ್ಬನೇ.

ನನ್ನ ಅನ್ನ ಕಿತ್ತುಕೊಳ್ಳುವ ಚೀಟಿಯನ್ನು ನನ್ನ ಕೈಯಿಂದಲೇ ಜೋಡಿಸಿಕೊಳ್ಳಲು ಹೊರಟಿದ್ದರು. ಇವನಿಗೆಲ್ಲಿ ತಿಳಿಯುತ್ತದೆ ಎಂಬ ಧೈರ್ಯ! ಮೊಳೆಯ ಪೆಟ್ಟಿಗೆಯನ್ನು ಎತ್ತಿ ಕಿಟಕಿಯಿಂದಾಚೆ ಸುರಿದುಬಿಡೋಣ ಎನ್ನಿಸಿತು. ಸುರಿಯಲಿಲ್ಲ. ಒಂದು ಸೊನ್ನೆಯೂ ತಪ್ಪದಂತೆ ಜೋಡಿಸಿದೆ. ಸುತ್ತಲೂ ದಪ್ಪನೆಯ ಕಪ್ಪು ಪಟ್ಟಿ ಕಟ್ಟಿ ಕರಡು ತೆಗೆದು ಅವರ ಮೇಜಿನ ಮೇಲಿಟ್ಟೆ.

“ಪುನಃ ಅದೇ ತಪ್ಪಾ! ಇದು ಸಾವಿನ ಸುದ್ದಿ ಅಲ್ಲ ಮಾರಾಯ್ರೆ.”

“ಹೌದ್ರೀ? ನನಗ ಹಂಗ ಕಾಣಿಸ್ತು ನೋಡ್ರಿ,” ಎಂದು ಹಾಳೆ ಎತ್ತಿಕೊಂಡು ಮೊದಲಿಂದ ಕೊನೆಯವರೆಗೆ ಕೊಂಕಣಿಯಲ್ಲಿ ಗಟ್ಟಿಯಾಗಿ ಓದಿದೆ. ಅಚ್ಚಿನ ಯಂತ್ರ ತುಳಿಯುತ್ತಿದ್ದವನು ಕಾಲು ನಿಲ್ಲಿಸಿದ.

ಧನಿಗಳು ಕನ್ನಡಕ ತೆಗೆದು ಒರೆಸಿದರು. “ನಿಮ್ಮ ಉಚ್ಚಾರ ಒಳ್ಳೆದುಂಟು,” ಎಂದರು. ಆ ಹೊಗಳಿಕೆಗೆ ನನಗೆ ಬಂದ ಸಿಟ್ಟು ಬೈದಿದ್ದರೂ ಬರುತ್ತಿರಲಿಲ್ಲ. “ಎಂತ ಮಾಡುದು ಹೇಳಿ? ಪತ್ರಿಕೆಯವರು ನಮ್ಮ ಜನವೇ ಬೇಕು ಅಂತಾರೆ.”

“ಭಾಷೆ ಕಲಿ ಅಂದ್ರಿ, ಕಲತೆ. ಈಗ ತಾಯಿನ್ನೂ ಬ್ಯಾರೆ ಮಾಡ್ಕೊಂಡು ಬರಲೇನು?”

ಹಾಳೆಯನ್ನು ಮೇಜಿನ ಮೇಲಿಟ್ಟು ಕೆಲಸ ಬಿಟ್ಟು ಹೊರಬಿದ್ದೆ.

ಸೆವ್ರಿನ್ ಬಾಯಿ ವಿಷಯ ಕೇಳಿ ಕೈಯಲ್ಲಿದ್ದ ಸೌಟನ್ನು ಕುಕ್ಕಿದರು. “ನಾಚಿಕೆ ಉಂಟಾ ಅವನಿಗೆ? ಪ್ರತಿ ಭಾನುವಾರ ಪೂಜೆಗೆ ಮುಂದಿನ ಬೆಂಚಿನಲ್ಲೇ ಕೂತ್ಕೊಳ್ತಾನೆ!” ಮರುದಿನ ಅವರೇ ಬಂದರಿಗೆ ನಡೆದು, ಗೋದಾಮುಗಳ ಬಿಲ್ಲು ಚೀಟಿ ಅಚ್ಚು ಹಾಕುವ ಪ್ರೆಸ್ಸೊಂದರಲ್ಲಿ ನನ್ನ ಮಾತೆತ್ತಿದರು. ಅಲ್ಲಿಯ ಮುದುಕ ಸಾಹುಕಾರರು ನನ್ನ ತಾಯಿಯ ವಿಚಾರ ಕೇಳಲಿಲ್ಲ. “ಕೈ ಜೋರು ಓಡ್ತದಾ?” ಎಂದರು, ಅಷ್ಟೇ. ಆರು ತಿಂಗಳಿಗೆ ಕಾಯಂ ಆಯಿತು. ಗಂಗವ್ವ ಬಂದಳು. ಅವಳು ಜೋಳದ ಹಿಟ್ಟಿನ ಗಂಟು ಬಿಚ್ಚಿದ ದಿನ ನಾನು ಅಡುಗೆಮನೆಯಲ್ಲಿ ನಿಂತು ನಾಚಿಕೆಯಿಲ್ಲದೆ ಅತ್ತೆ.

ಈಗ ಇಲ್ಲಿ ನಾನು ಘಟ್ಟದವನು. ಗದಗಿಗೆ ಹೋದರೆ ಹೆಂಡತಿಯ ತಮ್ಮ ಬಾಗಿಲಲ್ಲೇ “ಬರ‍್ರಿ ಮಂಗಳೂರವ್ರ” ಎನ್ನುತ್ತಾನೆ. ಕಳೆದ ಸಲ ಊಟಕ್ಕೆ ಕೂತಾಗ ಅವನು ಆ ಜಾಹೀರಾತಿನ ಕಥೆ ಕೇಳಿದ. ಹೇಳುತ್ತ ಹೇಳುತ್ತ ಕಪ್ಪು ಪಟ್ಟಿಯ ಹತ್ತಿರ ಬಂದೆ; ಹಳೆಯ ಸಿಟ್ಟು ನೆತ್ತಿಗೇರಿತು, ಬಾಯಿಂದ ದಡದಡನೆ ಕೊಂಕಣಿ ಹೊರಟಿತು. ಪಂಕ್ತಿಯಲ್ಲಿದ್ದವರೆಲ್ಲ ಕೈಯ ತುತ್ತು ಕೈಯಲ್ಲೇ ಹಿಡಿದು ನನ್ನನ್ನೇ ನೋಡಿದರು.

“ಬೈಯೂದಾದ್ರ ನಮ್ಮ ಮಾತಿನ್ಯಾಗ ಬೈರಿ,” ಎಂದಳು ಗಂಗವ್ವ ಮೆಲ್ಲಗೆ.

ಪ್ರಯತ್ನಿಸಿದೆ. ಆಗಲಿಲ್ಲ. ಆ ಸಿಟ್ಟಿಗೆ ಕನ್ನಡ ಬರುವುದಿಲ್ಲ.