ಕೇಳಿ ಹೇಳುವ ಡಾಕ್ಟರು

ಯಾರ ವಿಷಯ ಬಂದರೂ ಅವರ ಕಡೆಗೇ ತಿರುಗಿ, ಕನ್ನಡಕವನ್ನು ಹಣೆಗೇರಿಸಿ, "ಹೇಳ್ಲಾ?" ಎಂದು ಕೇಳುವುದು ಡಾಕ್ಟರ್ ನಸೀಮಾ ಅವರ ಅಭ್ಯಾಸ. ಸಕಲೇಶಪುರದ ಅವರ ಮಾನಸಿಕ ಚಿಕಿತ್ಸಾಲಯಕ್ಕೆ ರೋಗಿಗಳನ್ನು ಕರೆತಂದ ನೆಂಟರಿಗೆಲ್ಲ ಇದೊಂದು ಕಿರಿಕಿರಿ. ರೇಗಿದವರಿಗೆ, "ತಲೆ ಅವರದು ಕಣ್ರೀ, ಅವರನ್ನೇ ಕೇಳ್ಬೇಕು," ಎನ್ನುತ್ತಿದ್ದರು.

ಗಂಡ ತೀರಿಕೊಂಡ ವರ್ಷ ನನಗೆ ನಿದ್ದೆ, ಮಾತು ಎರಡೂ ಬಿಟ್ಟುಹೋಗಿದ್ದವು. ಅವರ ಚಿಕಿತ್ಸೆಯಿಂದ ಚೇತರಿಸಿಕೊಂಡು, ಆಲೂರಿನ ಹತ್ತಿರದ ನಮ್ಮ ಕಾಫಿ ತೋಟವನ್ನು ನಾನೇ ನೋಡಿಕೊಳ್ಳತೊಡಗಿದೆ. ಮೈದುನನಿಗೆ ಅದು ಹಿಡಿಸಲಿಲ್ಲ. ನನಗೆ ಹುಚ್ಚೆಂದು ಬರೆದುಕೊಡದಿದ್ದರೆ ಡಾಕ್ಟರ ಮೇಲೂ ಕೇಸು ಹಾಕುತ್ತೇನೆಂದು ಅವರೆದುರೇ ಗುಡುಗಿದ.

"ಹಾಕಪ್ಪ. ಕೋರ್ಟ್ ಕ್ಯಾಂಟೀನ್ ಕಾಫಿ ನಂಗಾಗಾಕಿಲ್ಲ, ಮನೆಯಿಂದ ಫ್ಲಾಸ್ಕ್ ತರ್ತೀನಿ," ಎಂದರು.

ಅವನು ತೋಟದ ಉಸ್ತುವಾರಿ ಕೇಳಿಕೊಂಡು ಹಾಸನದ ಕೋರ್ಟಿಗೆ ಹೋದ. ಡಾಕ್ಟರಿಗೆ ಸಮನ್ಸ್ ಬಂತು. ಫ್ಲಾಸ್ಕ್ ಸಮೇತ ಹಾಜರಾದರು.

"ಈಕೆಗೆ ಏನು ಕಾಯಿಲೆ?" ಎಂದು ಮೈದುನನ ವಕೀಲರು ಕೇಳಿದರು. ಡಾಕ್ಟರು ಕಟಕಟೆಯಿಂದಲೇ ನನ್ನತ್ತ ತಿರುಗಿ ಕನ್ನಡಕ ಮೇಲೇರಿಸಿದರು. "ಹೇಳ್ಲಾ?"

"ಹುಚ್ಚಿಯ ಅಪ್ಪಣೆ ಬೇಕೇ?" ಎಂದು ವಕೀಲರು ನಕ್ಕರು. ಜಡ್ಜ್ ಸಾಹೇಬರು ನಗಲಿಲ್ಲ, ನನ್ನನ್ನೇ ನೋಡಿದರು. ನಾನು ಎದ್ದು ನಿಂತೆ.

"ಹೇಳಿ ಡಾಕ್ಟ್ರೇ. ಕಾಯ್ಲೆ ಇತ್ತು, ವಾಸಿಯಾತು. ಮುಚ್ಚಿಡಾಕೆ ಏನೈತೆ?"

ಅವರು ಎಲ್ಲವನ್ನೂ ಹೇಳಿದರು. ವಕೀಲರು ಬಿಡಲಿಲ್ಲ. ಹಾಡಹಗಲೇ ಈಕೆ ಒಬ್ಬಳೇ ತೋಟದ ಬೇಲಿ ಬಳಿ ನಿಂತು ತಟ್ಟೆ ಬಡಿಯುತ್ತಾ ಅರಚುತ್ತಾಳೆ, ಇದಕ್ಕೇನು ಹೇಳುತ್ತೀರಿ ಎಂದರು.

"ಆನೆ ಬಂದಿತ್ತಾ ಅಂತ ನಿಮ್ಮ ಕಕ್ಷಿದಾರರನ್ನ ಕೇಳಿದ್ರಾ ಸ್ವಾಮಿ? ತೋಟಕ್ಕೆ ಆನೆ ನುಗ್ಗಿದಾಗ ಸುಮ್ನೆ ನಿಂತಿದ್ರೆ ಮಾತ್ರೆ ನಾನೇ ಕೊಡ್ತಿದ್ದೆ!"

ಕೋರ್ಟಿಗೆ ಕೋರ್ಟೇ ನಕ್ಕಿತು. ಮೈದುನ ತಲೆ ತಗ್ಗಿಸಿದ. ಅವನ ಅರ್ಜಿ ವಜಾ ಆದ ದಿನ ಡಾಕ್ಟರು, ನಾನು ಇಬ್ಬರೂ ಕೋರ್ಟಿನ ಮೆಟ್ಟಿಲ ಮೇಲೆ ಕೂತು, ಅವರು ಅಂದೂ ತಂದಿದ್ದ ಫ್ಲಾಸ್ಕ್ ಖಾಲಿ ಮಾಡಿದೆವು. ಅಷ್ಟು ರುಚಿಯಾದ ಕಾಫಿಯನ್ನು ನನ್ನ ತೋಟದ ಬೀಜದಿಂದ ಮಾಡಿಯೂ ಕುಡಿದಿಲ್ಲ.

ಕೊನೆಯ ಸಲ ನೋಡಿದಾಗ ಅವರು ಹಾಸಿಗೆ ಹಿಡಿದಿದ್ದರು. ಹೊಸ ಡಾಕ್ಟರುಗಳಿಗೆ ಪಾಠ ಮಾಡಲು ಕರೆದಿದ್ದಾರಂತೆ, ಹುಷಾರಾದ ಮೇಲೆ ಹೋಗಬೇಕಂತೆ. "ಅಲ್ಲಿ ನಿಮ್ ಕತೆ ಹೇಳ್ಲಾ?" ಎಂದರು.

"ಬ್ಯಾಡ ಡಾಕ್ಟ್ರೇ. ಅದನ್ನ ನಾನೇ ಹೇಳ್ತೀನಿ," ಎಂದೆ. ಅವರು ಜೋರಾಗಿ ನಕ್ಕು ನನ್ನ ಕೈ ಅದುಮಿದರು.

ಈಗ ಅವರಿಲ್ಲ. ನಾನು ಹೇಳಿದ್ದೇನೆ, ಯಾರ ಅಪ್ಪಣೆಯನ್ನೂ ಕೇಳದೆ.