ನೀರಜಾ ತೋರಿಸಿದ ಕಡೆಗೇ ಬೇಟೆ

ಆಗಸ್ಟ್ ಮಧ್ಯದ ಬೆಳಗು. ಸ್ವೀಡನ್ನಿನ ಶೋವ್ಡೆ ಪಟ್ಟಣದಿಂದ ಅರ್ಧ ಗಂಟೆ ದೂರದ ಕಾಡಿನ ಜಲ್ಲಿರಸ್ತೆಯಲ್ಲಿ ನೀರಜಾ ಸದ್ದಿಲ್ಲದೆ ನಿಂತಿದ್ದಾರೆ. ಎದುರಿಗೆ ಹೇಂಟೆಯೊಂದು ತಿಂದದ್ದು ಅರೆಯಲೆಂದು ಸಣ್ಣ ಕಲ್ಲು ಹೆಕ್ಕಿ ನುಂಗುತ್ತಿದೆ. ಶೇದರ್ ಎಂಬ ಕಾಡುಕೋಳಿ ಅದು. ಇದರ ಹುಂಜ ಬೆಳೆದರೆ ಟರ್ಕಿ ಕೋಳಿಯಷ್ಟು ದಪ್ಪ. ಹೊಟ್ಟೆಗೆ ಬೇಕಾದಷ್ಟು ಕಲ್ಲು ಹಾಕಿಕೊಂಡ ಹೇಂಟೆ ಒಂಟಿಯಾಗಿಯೇ ಪೊದೆ ಸೇರುತ್ತದೆ.

“ನೋಡಿದ್ರಾ, ಹಿಂದೆ ಮರಿಗಳೇ ಇಲ್ಲ. ಈ ದಿಬ್ಬದಲ್ಲಿ ದಿನಾ ಇದೇ ಕಥೆ. ಜೂನ್‌ನಲ್ಲಿ ಮಳೆ, ಚಳಿ ಎರಡೂ ಒಟ್ಟಿಗೆ ಹಿಡೀತಲ್ಲ, ನೆಂದು ಸತ್ತೇ ಹೋದ್ವು ಪಾಪ,” ಎಂದು ನೀರಜಾ ನನಗೆ ಹೇಳುತ್ತಾರೆ.

ಕುಂದಾಪುರದ ಕಡೆಯವರಾದ ನೀರಜಾ ಇಲ್ಲಿನ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾರೆ. ರಜೆಯಲ್ಲಿ ಬ್ಲೂಬೆರಿ ಕೊಯ್ಯಲು ಹೋಗುತ್ತಿದ್ದವರಿಗೆ ಹಣ್ಣಿದ್ದಲ್ಲೆಲ್ಲ ಈ ಹಕ್ಕಿಗಳ ಸಂಸಾರ ಕಂಡಿತು. ವಿಷಯ ಕಿವಿಗೆ ಬಿದ್ದದ್ದೇ ಊರಿನ ಬೇಟೆತಂಡದ ಹಿರಿಯ ಗುನ್ನಾರ್ 2004ರಲ್ಲಿ ಈ ಕೆಲಸ ಒಪ್ಪಿಸಿದರು. ಬೇಟೆ ಶುರುವಾಗುವ ಮೊದಲು ಹಕ್ಕಿಗಳು ಎಲ್ಲಿವೆ, ಎಲ್ಲಿಲ್ಲ ಎಂದು ನೋಡಿ ಹೇಳಬೇಕು. ನೀರಜಾ ಬೇಡವೆಂದ ಕಡೆ ಆ ವರ್ಷ ಬಂದೂಕು ಎತ್ತುವಂತಿಲ್ಲ.

ಇಷ್ಟಾಗಿ ಇವರ ಮನೆಯೊಳಗೆ ಮೊಟ್ಟೆಯೂ ಬರುವುದಿಲ್ಲ. ಎಂಜಿನ್ ಕಾರ್ಖಾನೆಯಲ್ಲಿರುವ ಗಂಡ ಶಂಕರ ಅವರಿಗೆ ಇದೇ ತಮಾಷೆ: “ದೇವರಿಗೆ ದೀಪ ಹಚ್ಚಿದ್ಳು, ಇನ್ನು ಹಕ್ಕಿ ಮನೆ ತೋರ್ಸೋಕೆ ಹೊರಟ್ಳು ನೋಡಿ!”

“ನಾನು ಹೋಗದಿದ್ರೆ ಬೇಟೆ ನಿಲ್ಲುತ್ತೇನ್ರೀ? ಗೊತ್ತಿಲ್ದೆ ಹೊಡೀತಾರೆ, ಅಷ್ಟೆ.”

ಗುನ್ನಾರ್ ಅಂಗಳದಲ್ಲಿ ತಂಡದವರು ಫೀಕಾಕ್ಕೆ ಸೇರಿದ್ದಾರೆ. ಕಾಫಿ, ದಾಲ್ಚಿನ್ನಿ ಬನ್ನು. ಈ ಸಲ ಬೇಟೆಗೆ ದೂರದ ನೆಂಟರನ್ನೂ ಕರೆದಿದ್ದಾರಂತೆ. ದಿಬ್ಬವನ್ನು ಈ ವರ್ಷ ಬಿಟ್ಟುಬಿಡಿ ಎಂದು ನೀರಜಾ ಸ್ವೀಡಿಷ್‌ನಲ್ಲಿ ಹೇಳಿದ್ದೇ ತಡ, ಗಡ್ಡದವರೊಬ್ಬರು ನಗುತ್ತಾರೆ: “ಸೊಪ್ಪು ತಿನ್ನೋರನ್ನ ಕೇಳಿದ್ರೆ ಇಡೀ ಕಾಡಿಗೇ ಬೀಗ!”

ಎಲ್ಲರೂ ನಗುತ್ತಾರೆ. ಗುನ್ನಾರ್ ನಗುವುದಿಲ್ಲ.

“ನೀರಜಾ, ನಿಜ ಹೇಳು. ಅಲ್ಲಿ ಹಕ್ಕಿ ಇಲ್ವೋ, ಇಲ್ಲಾ ಹೊಡೀಬಾರದು ಅಂತಲೋ?”

ನೀರಜಾ ಕಾಡಿನತ್ತ ಕೈ ತೋರಿಸುತ್ತಾರೆ.

“ದಿಬ್ಬದಲ್ಲಿ ಈ ವರ್ಷ ಒಂದು ಮರೀನೂ ಉಳಿದಿಲ್ಲ. ಜೌಗಿನ ಆಚೆ ಹೋಗಿ. ಅಲ್ಲಿ ಮರಿಗಳು ಚೆನ್ನಾಗಿ ಬೆಳೆದಿವೆ, ಹುಂಜಗಳೂ ಇವೆ. ಬಿದ್ದ ಪೈನ್ ಮರದ ಹತ್ರ ಬೆಳಿಗ್ಗೆ ಮಣ್ಣಲ್ಲಿ ಹೊರಳೋಕೆ ಬರ್ತವೆ.”

ಆ ಜಾಗ ತಂಡದ ಯಾರಿಗೂ ಗೊತ್ತಿರಲಿಲ್ಲ. ಗಡ್ಡದವರು ಕಪ್ಪು ಕೆಳಗಿಡುತ್ತಾರೆ. “ಹಾಗಾದ್ರೆ ದಿಬ್ಬಕ್ಕೆ ಈ ವರ್ಷ ಯಾರೂ ಕಾಲಿಡೋ ಹಾಗಿಲ್ಲ,” ಎಂದು ಗುನ್ನಾರ್ ಮಾತು ಮುಗಿಸುತ್ತಾರೆ.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ: ಆ ಜಾಗ ಹೇಳಿಬಿಟ್ಟದ್ದಕ್ಕೆ ಬೇಜಾರಾಯಿತೇ?

“ಆಗದೆ ಇರುತ್ತಾ? ಜೌಗಿನ ಆಚೆ ಒಂದು ಮುದಿ ಹುಂಜ ಇದೆ. ನನ್ನ ಕಂಡ್ರೆ ಓಡಲ್ಲ, ಕತ್ತು ಚಾಚಿ ಬೈಯುತ್ತೆ. ಅದೊಂದನ್ನ ದೇವರು ಕಾಯ್ಲಿ.” ಗೇರು ಬದಲಿಸಿ ಮತ್ತೆ ಹೇಳುತ್ತಾರೆ: “ದಿಬ್ಬದ ಹೇಂಟೆಗಳು ಉಳ್ಕೊಂಡ್ವು. ಸುಳ್ಳು ಹೇಳಿ ಉಳಿಸ್ಲಿಲ್ಲ ನಾನು.”