ಹಳಿಯ ಮೇಲೆ ನಿಂತುಹೋದ ಗಾಡಿ

ಎಲಿಯಾದೆಸ್ ಪೂಪೊ ಹೆದರಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಕಬ್ಬು ಕಡಿಯುವಾಗ ಮಚ್ಚು ಜಾರಿ ಎಡಗೈಯ ಕಿರುಬೆರಳು ಹೋದಾಗಲೂ ಬಾಯಿಯಲ್ಲಿದ್ದ ಚುಟ್ಟವನ್ನು ಬೀಳಗೊಡದ ಆಸಾಮಿ. ಅಂಥವನು ಆ ವರ್ಷ, ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆಯಾಡಲು ಶುರುಮಾಡಿದ ಮೇಲೆ, ಬೆಳಗಿನ ಕಾಫಿಯನ್ನು ಮುಟ್ಟದೆ ಆರಲು ಬಿಡುತ್ತಿದ್ದ. ಹೆಂಡತಿ ಓದಾಲ್ಮಿಸ್ ನೋಡಿಯೂ ನೋಡದವಳಂತೆ ಕೋಳಿಗಳಿಗೆ ಕಾಳು ಚೆಲ್ಲುತ್ತಿದ್ದಳು.

ಹೆದರಿಕೆಗೆ ಕಾರಣ ಅಂಗಳದಲ್ಲಿ ನಿಂತಿದ್ದ ಮೋಟಾರ್ ಸೈಕಲ್. ಅವನ ಅಪ್ಪನ ಕಾಲದ್ದು, ಎಂದೋ ಹಡಗಿನಲ್ಲಿ ಯುರೋಪಿನಿಂದ ಬಂದದ್ದು. ಬಲಕ್ಕೆ ಒಬ್ಬರು ಕೂರುವಂಥ ಪಕ್ಕಗಾಡಿ ಜೋಡಿಸಿತ್ತು. ಓದಾಲ್ಮಿಸಳ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಮೂರು ಸಲ ಓಲ್ಗಿನ್ ಪಟ್ಟಣದ ಆಸ್ಪತ್ರೆಗೆ ಹೋಗಿ, ಯಂತ್ರದ ಪಕ್ಕ ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಒಂದು ಸಲ ತಪ್ಪಿದರೆ ಕಾಲು ಊದುತ್ತದೆ. ಇನ್ನೊಂದು ಸಲ ತಪ್ಪಿದರೆ ಉಸಿರಿಗೇ ಸಂಚಕಾರ. ಬಸ್ಸಿನ ಮಾತು ಬಿಡಿ, ಅದು ಬಂದ ದಿನ ಊರವರಿಗೆಲ್ಲ ಸುದ್ದಿ.

ಅಂಥ ಹೊತ್ತಿನಲ್ಲಿ ಗಾಡಿ ದಾರಿಯಲ್ಲಿ ನಿಲ್ಲತೊಡಗಿತು. ಒಂದು ದಿನ ಸರಾಗವಾಗಿ ಹೋಗಿಬರುತ್ತದೆ. ಮರುಸಲ, ಸ್ವಲ್ಪ ದೂರ ಹೋದ ಮೇಲೆ, ಗೊರಗೊರ ಎಂದು ಗಂಟಲು ಕಟ್ಟಿದಂತಾಗಿ ನಿಲ್ಲುತ್ತದೆ. ಎಲಿಯಾದೆಸ್ ಟ್ಯಾಂಕಿನ ಮುಚ್ಚಳ ತೆಗೆದು ಇಣುಕುತ್ತಾನೆ, ಪೆಟ್ರೋಲು ಇದೆ. ಮುಚ್ಚಳ ಹಾಕಿ ಒದ್ದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತದೆ. ಇನ್ನು ಕೆಲವು ಸಲ ಸದ್ದಿಲ್ಲ, ಸೂಚನೆಯಿಲ್ಲ, ಯಾರೋ ಕೊರಳು ಕತ್ತರಿಸಿದ ಹಾಗೆ ಪಟಕ್ಕನೆ ನಿಲ್ಲುತ್ತದೆ.

ರಿಪೇರಿ ಮಾಡುವ ಓನೆಲಿಯೊ ಬಾಲ್ಯದ ಗೆಳೆಯ. ಅವನ ಮಾವಿನ ಮರದ ಕೆಳಗೆ ಗಾಡಿ ನಿಲ್ಲಿಸಿದರೆ ಮಾತ್ರ ಅದು ದೇವರಂಥ ಗಾಡಿ. ಓನೆಲಿಯೊ ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಪ್ಲಗ್ ಬದಲಿಸಿದ, ಕಿಡಿ ಕೊಡುವ ಪಾಯಿಂಟ್ ಉಜ್ಜಿದ.

"ಕೇಳು, ಹೆಂಗೆ ಓಡ್ತಿದೆ! ಕಾಯಿಲೆ ಗಾಡಿಗಲ್ಲ ಕಣೋ, ನಿನ್ನ ತಲೇಗೆ."

"ರಸ್ತೇಲಿ ನಿಲ್ಲುತ್ತೆ ಅಂತ ಬಡ್ಕೋತಿದೀನಲ್ಲೋ."

"ಹಂಗಾದ್ರೆ ರಸ್ತೇನೂ ಕಟ್ಕೊಂಡು ಬಾ, ಅದನ್ನೂ ರಿಪೇರಿ ಮಾಡ್ತೀನಿ."

ಎಲಿಯಾದೆಸನಿಗೆ ನಗು ಬರಲಿಲ್ಲ. ಊರು ದಾಟಿದ ಮೇಲೆ ರೈಲು ಹಳಿ ಇತ್ತು. ಕಾರ್ಖಾನೆಗೆ ಕಬ್ಬು ಹೊರುವ ರೈಲು ಅದರ ಮೇಲೆ ಹೋಗುತ್ತದೆ. ಗೇಟಿಲ್ಲ, ಕಾವಲುಗಾರನಿಲ್ಲ. ಎರಡೂ ಕಡೆ ಆಳೆತ್ತರ ಮೀರಿದ ಕಬ್ಬು. ರೈಲು ಮೂತಿ ಹೊರಹಾಕುವ ತನಕ ಕಾಣುವುದಿಲ್ಲ. ಸಾಲದ್ದಕ್ಕೆ ರಸ್ತೆ ಹಳಿಯ ಮೇಲೇ ಎಡಕ್ಕೆ ತಿರುಗುತ್ತದೆ. ಪಟಕ್ಕನೆ ನಿಲ್ಲುವ ಕಾಯಿಲೆ ಅಲ್ಲಿ ಎರಡು ಸಲ ಕಾಣಿಸಿಕೊಂಡಿತ್ತು. ಎರಡೂ ಸಲ ರೈಲಿನ ಸುಳಿವಿರಲಿಲ್ಲ. ಅವನು ಅದನ್ನು ಹೆಂಡತಿಯ ಮುಂದೆ ನಗೆಯಲ್ಲಿ ತೇಲಿಸಿದ್ದ. ಆದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗೆಲ್ಲ ಹಳಿ ಕಣ್ಣಿಗೆ ಕಟ್ಟುತ್ತಿತ್ತು.

ಆ ದಿನ ಗುರುವಾರ, ಬಿಸಿಲು ಆಗಷ್ಟೇ ಏರುತ್ತಿತ್ತು. ಹಳಿ ಹತ್ತಿರ ಬಂದಾಗ ಎಲಿಯಾದೆಸ್ ನಿಧಾನಿಸಿ ಕಿವಿಗೊಟ್ಟ. ಏನೂ ಕೇಳಿಸಲಿಲ್ಲ. ಮುಂದಿನ ಚಕ್ರ ಹಳಿ ಹತ್ತಿತು, ಹ್ಯಾಂಡಲ್ ಎಡಕ್ಕೆ ತಿರುಗಿಸಿದ, ಗಾಡಿ ಸತ್ತಿತು.

ಒದ್ದ. ಮತ್ತೆ ಒದ್ದ. ಆಗ ಕಾಲ ಕೆಳಗಿನ ಕಲ್ಲುಗಳು ಸಣ್ಣಗೆ ಅದುರಿದವು. ಕಬ್ಬಿನಾಚೆಯಿಂದ ರೈಲು ಕೂಗಿತು.

"ಇಳಿಯೇ! ಇಳಿ, ಓಡು!"

ಓದಾಲ್ಮಿಸ್ ಎರಡೂ ಕೈಯಲ್ಲಿ ಅಂಚು ಹಿಡಿದು ಏಳಲು ನೋಡಿದಳು. ಊದಿದ ಕಾಲು ಮಾತು ಕೇಳಲಿಲ್ಲ. "ಆಗಲ್ಲ ಕಣೋ. ನೀನು ತಳ್ಳು."

ಹೆಂಡತಿಯನ್ನು ಎತ್ತಲೋ, ಗಾಡಿ ತಳ್ಳಲೋ ತಿಳಿಯದೆ ಒಂದು ಗಳಿಗೆ ಕಂಬದಂತೆ ನಿಂತುಬಿಟ್ಟ. ಅಷ್ಟರಲ್ಲಿ ತಿರುವಿನಲ್ಲಿ ಎಂಜಿನ್ನಿನ ಕಪ್ಪು ಮೂತಿ ಕಾಣಿಸಿತು. ಚಾಲಕ ಬ್ರೇಕ್ ಹಾಕಿದ್ದ, ಕಬ್ಬಿಣ ಕಿರುಚುತ್ತಿತ್ತು, ಆದರೆ ಹಿಂದಿನ ಡಬ್ಬಿಗಳೆಲ್ಲ ಕಬ್ಬು ತುಂಬಿಕೊಂಡು ನೂಕುತ್ತಿದ್ದವು. ಎಲಿಯಾದೆಸ್ ಗೇರ್ ಬಿಡಿಸಿ, ಹ್ಯಾಂಡಲ್ ನೆಟ್ಟಗೆ ಮಾಡಿ, ಹಿಂದಿನಿಂದ ಹೆಗಲು ಕೊಟ್ಟು ತಳ್ಳಿದ. ಪಕ್ಕಗಾಡಿಯ ಚಕ್ರ ಹಳಿಯ ಅಂಚಿಗೆ ಸಿಕ್ಕಿಕೊಂಡಿತು. ಓದಾಲ್ಮಿಸ್ ಏನೋ ಕೂಗಿದಳು, "ದೀಪ! ದೀಪ!" ಎಂದಂತಿತ್ತು. ಪ್ರಾರ್ಥನೆ ಮಾಡುತ್ತಿದ್ದಾಳೆ ಅಂದುಕೊಂಡ. ಇನ್ನೊಮ್ಮೆ ಜೀವ ಬಿಟ್ಟು ನೂಕಿದ. ಚಕ್ರ ಹಾರಿತು, ಗಾಡಿ ರಸ್ತೆ ಬಿಟ್ಟು ಕಬ್ಬಿನೊಳಗೆ ನುಗ್ಗಿತು, ಅವನು ಬೋರಲು ಬಿದ್ದ.

ರೈಲು ಬೆನ್ನ ಹಿಂದೆಯೇ ಹಾದುಹೋಯಿತು. ಡಬ್ಬಿಗಳಿಂದ ಕಬ್ಬಿನ ಜಲ್ಲೆಗಳು ಉದುರಿದವು. ದೂರದಲ್ಲಿ ಅದು ನಿಂತಾಗ ಚಾಲಕ ಇಳಿದು ಓಡಿಬಂದು, ಅಪ್ಪ ಅಮ್ಮ ಯಾರನ್ನೂ ಬಿಡದೆ ಬೈದ. ಬೈಯುತ್ತಲೇ ಅಳುತ್ತಿದ್ದ. ಆ ಮೇಲೆ ಅವನೇ ಒಂದು ಲಾರಿ ತಡೆದು ಓದಾಲ್ಮಿಸಳನ್ನು ಆಸ್ಪತ್ರೆಗೆ ಕಳಿಸಿದ.

ಸಂಜೆ ಗಾಡಿ ಮತ್ತೆ ಮಾವಿನ ಮರದ ಕೆಳಗೆ ಬಂದಾಗ ಓನೆಲಿಯೊ ತಮಾಷೆಯ ಗೋಜಿಗೆ ಹೋಗಲಿಲ್ಲ. ಗೆಳೆಯನ ತರಚಿದ ಮುಖ ನೋಡಿ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಕುರ್ಚಿಯಲ್ಲಿ ಕೂತಿದ್ದ ಓದಾಲ್ಮಿಸ್ ಹೇಳಿದಳು:

"ಹೆಡ್‌ಲೈಟಿನ ಮೇಲೆ ಕೆಂಪಗೆ ಒಂದು ಪುಟ್ಟ ದೀಪ ಇದ್ಯಲ್ಲ, ಹಳಿ ಮೇಲೆ ಅದು ಆರಿಹೋಗಿತ್ತು. ಇವನು ತಳ್ಳೋಕೆ ಅಂತ ಹ್ಯಾಂಡಲ್ ನೆಟ್ಟಗೆ ಮಾಡಿದ್ನಲ್ಲ, ಆವಾಗ ಹತ್ಕೊಂಡ್ತು."

"ಗೊರಗೊರ ಅಂತ ನಿಂತಾಗ?" ಓನೆಲಿಯೊ ಕೇಳಿದ.

"ಆಗೆಲ್ಲ ಉರೀತಾನೇ ಇರುತ್ತೆ."

ಓನೆಲಿಯೊ ಎದ್ದುನಿಂತ. "ಅಯ್ಯೋ ನನ್ನ ಬುದ್ಧಿಗೆ! ದೀಪ ಉರೀತಾ ನಿಂತ್ರೆ ಕರೆಂಟ್ ಇದೆ, ಪೆಟ್ರೋಲ್ ಇಳೀತಿಲ್ಲ. ದೀಪ ಆರಿ ನಿಂತ್ರೆ ಕರೆಂಟೇ ಇಲ್ಲ. ಇದಕ್ಕೆ ಒಂದಲ್ಲ ಕಣೋ, ಎರಡು ಕಾಯಿಲೆ!"

"ನನ್ನ ಹಂಗೇ ಅನ್ನು. ಸಕ್ಕರೆ ಕಾಯಿಲೆ ಬೇರೆ, ಕಿಡ್ನಿ ಬೇರೆ," ಎಂದಳು ಓದಾಲ್ಮಿಸ್.

ಕೀಲಿ ತಿರುಗಿಸಿ ಓನೆಲಿಯೊ ಹ್ಯಾಂಡಲನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿದ. ದೀಪ ಆರಿತು. ನೆಟ್ಟಗೆ ಮಾಡಿದ, ಹತ್ತಿತು. ಹ್ಯಾಂಡಲಿನ ಬುಡದ ತಂತಿಯಲ್ಲಿ, ಹೊರಗಿನ ರಬ್ಬರು ಹಾಗೇ ಇದ್ದು, ಒಳಗಿನ ತಾಮ್ರದ ಎಳೆಗಳು ಮಾತ್ರ ಸವೆದು ತುಂಡಾಗಿದ್ದವು. ಮುಟ್ಟಿಕೊಂಡಿರುವ ತನಕ ಓಟ, ಬಿಟ್ಟುಕೊಂಡರೆ ಸಾವು. ಇನ್ನೊಂದು ಕಾಯಿಲೆ ಟ್ಯಾಂಕಿನ ಮುಚ್ಚಳದಲ್ಲಿತ್ತು. ಹಿಂದಿನ ವರ್ಷ ಎಲಿಯಾದೆಸನೇ ಟ್ಯೂಬಿನ ರಬ್ಬರು ಕತ್ತರಿಸಿ ಅದಕ್ಕೆ ಒಳಪದರ ಹಾಕಿದ್ದ. ಬರಬರುತ್ತಾ ಅದು ಉಬ್ಬಿ ಗಾಳಿಯಾಡುವ ತೂತು ಮುಚ್ಚಿಹೋಗಿ, ಒಳಗೆ ಗಾಳಿ ಹೋಗದೆ ಪೆಟ್ರೋಲು ಕೆಳಗಿಳಿಯುತ್ತಿರಲಿಲ್ಲ. ಪೆಟ್ರೋಲು ಇದೆಯೇ ಎಂದು ಮುಚ್ಚಳ ತೆಗೆದಾಗ ಗಾಳಿ ನುಗ್ಗಿ ಎಲ್ಲ ಸರಿಹೋಗುತ್ತಿತ್ತು. ಹೀಗಾಗಿ ಒಂದನ್ನು ಹುಡುಕಿದರೆ ಇನ್ನೊಂದು ದಾರಿ ತಪ್ಪಿಸುತ್ತಿತ್ತು.

ತಂತಿ ಹೊಸದಾಯಿತು, ರಬ್ಬರಿಗೆ ತೂತು ಬಿತ್ತು. ಗಾಡಿ ಮತ್ತೆ ನಿಲ್ಲಲಿಲ್ಲ. ಎಲಿಯಾದೆಸನ ಹೆದರಿಕೆ ಮಾತ್ರ ರಿಪೇರಿಯಾಗಲಿಲ್ಲ. ಹಳಿ ಬಂದರೆ ಇಳಿದು, ಹೆಂಡತಿಯನ್ನು ಕೈಹಿಡಿದು ದಾಟಿಸಿ, ಹಿಂತಿರುಗಿ ಬಂದು ಗಾಡಿಯನ್ನು ತಳ್ಳಿಕೊಂಡೇ ದಾಟುತ್ತಿದ್ದ.

"ಏನಪ್ಪಾ, ಕರು ಮೇಯಿಸೋಕೆ ಹೊರಟ್ಯಾ?" ಎಂದು ಕಬ್ಬು ಕಡಿಯುವವರು ಕೂಗುತ್ತಿದ್ದರು.

ಒಂದು ಸೋಮವಾರ ಓದಾಲ್ಮಿಸ್ ಇಳಿಯಲಿಲ್ಲ. "ಕಾಲಲ್ಲಿ ಕಸುವಿಲ್ಲ. ಓಡಿಸು."

"ಸ್ವಲ್ಪ ಸುಧಾರಿಸ್ಕೋ, ಕಾಯ್ತೀನಿ."

"ಯಂತ್ರ ಕಾಯಲ್ಲ. ಓಡಿಸೋ."

ಎಂಜಿನ್ ನಿಲ್ಲಿಸಿ ಕಿವಿಗೊಟ್ಟ. ಮತ್ತೆ ಚಾಲೂ ಮಾಡಿದ. ಚಕ್ರ ಹಳಿ ಹತ್ತಿತು, ಎಡಕ್ಕೆ ತಿರುಗಿತು; ಗಾಡಿ ಗುಡುಗುಡು ಎನ್ನುತ್ತಲೇ ಆಚೆ ಇಳಿಯಿತು. ಅಲ್ಲಿ ನಿಲ್ಲಿಸಿ, ರಸ್ತೆಯ ಪಕ್ಕ ಕೂತು, ಕುಡಿದಿದ್ದ ಕಾಫಿಯನ್ನೆಲ್ಲ ವಾಂತಿ ಮಾಡಿಕೊಂಡ.

ಓದಾಲ್ಮಿಸ್ ತನ್ನ ತಲೆವಸ್ತ್ರ ಬಿಚ್ಚಿ ಅವನತ್ತ ಚಾಚಿದಳು. "ಬಾಯಿ ಒರೆಸ್ಕೊಂಡು ಬೇಗ ಬಾ. ತಡ ಆದ್ರೆ ಆ ನರ್ಸು ಕಿಟಕಿ ಪಕ್ಕದ ಮಂಚ ಬೇರೆಯವರಿಗೆ ಕೊಟ್ಬಿಡ್ತಾಳೆ."

ಅವನು ಒರೆಸಿಕೊಂಡು ಬಂದು ಗಾಡಿ ಹತ್ತಿದ.